ಮಾವನ ಮಾತಿಗೆ ಕಾಯುವುದು

ನಾನು ಜಗಳೂರಿನ ಕಡೆಯವಳು. ನಮ್ಮ ತವರಿನಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರು. ಮದುವೆಯಾಗಿ ಸಂತೇಬೆನ್ನೂರಿಗೆ ಬಂದ ಕೆಲವು ವರ್ಷಕ್ಕೆ ಮಾವನಿಗೆ ಲಕ್ವ ಹೊಡೆಯಿತು. ಸಂತೆಯಲ್ಲಿ ನಿಂತರೆ ಸುತ್ತಲಿನವರನ್ನೆಲ್ಲ ನಗಿಸುತ್ತಿದ್ದ ಮನುಷ್ಯ. ನಡಿಗೆ ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಒಂದು ಪದ ಹೇಳಿ ಮುಂದಿನದಕ್ಕೆ ತಡಕಾಡುತ್ತಿದ್ದರು.

ಸಹಾಯವಾಗಲಿ ಎಂದು ನಾನು, "ನೀರು ಬೇಕಾ? ಫ್ಯಾನ್ ಹಾಕ್ಲಾ?" ಎಂದು ಕೇಳುತ್ತ ಹೋಗುತ್ತಿದ್ದೆ. ಅವರು ದಣಿದು ಯಾವುದಕ್ಕೋ ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಅವರ ಮಾತು ನೀನು ಆಡಬ್ಯಾಡ ಕಣವ್ವ. ಕಾಯಿ."

"ಅಷ್ಟು ತಾಳ್ಮೆ ನಂಗಿಲ್ಲ ಅತ್ತೆ. ನಾನು ಹುಟ್ಟಿದ್ದೇ ಹಿಂಗೆ."

"ನಾನೇನು ತಾಳ್ಮೆ ಹೊತ್ಕಂಡು ಹುಟ್ಟಿದ್ನಾ? ನೀನು ರೊಟ್ಟಿ ಬಡಿಯಾಕೆ ಹೆಂಗೆ ಕಲ್ತೆ? ಹರಿದ್ವು, ಸೀದ್ವು, ಆಮೇಲೆ ಬಂದ್ವು. ಇದೂ ಹಂಗೇ ಐತೆ. ಚಾ ಕುಡಿಯೋ ಹೊತ್ತಿನಾಗೆ ಅವರ ಒಂದು ಮಾತಿಗೆ ಕಾದು ನೋಡು, ಸಾಕು. ಮುಖ ನೋಡ್ತಾ ಕೂರಬ್ಯಾಡ, ಅವರಿಗೆ ಗಾಬರಿ ಆಗ್ತೈತೆ."

ಅಂದಿನಿಂದ ಸಂಜೆ ಮಾವನ ಪಕ್ಕದಲ್ಲಿ ತೊಗರಿಕಾಯಿ ಸುಲಿಯುತ್ತ ಕೂತೆ. ಮೊದಮೊದಲು ನಾಲಿಗೆ ಕಚ್ಚಿ ಹಿಡಿಯಬೇಕಾಗುತ್ತಿತ್ತು. ಬರಬರುತ್ತ ಆ ಮೌನ ಭಾರವೆನಿಸಲಿಲ್ಲ.

ಆಗಲೇ ಜಗಳೂರಿನಲ್ಲಿ ಅವ್ವನಿಗೆ ಮೊಣಕಾಲಿನ ಆಪರೇಷನ್ ನಿಗದಿಯಾಯಿತು. ತಮ್ಮ, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ನೋಡಿಕೊಳ್ಳಲು ಯಾರೂ ಇಲ್ಲ. ತಾಯಿಯನ್ನು ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತೇನೆಂದು ಕೇಳುವುದು ನಮ್ಮ ಕಡೆ ಸುಲಭವಲ್ಲ. ಹಿತ್ತಲಿನಲ್ಲಿ ನಿಂತು ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತ ಅಳುತ್ತಿದ್ದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಮಾವ "ಅವ್ವ..." ಎಂದರು. ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಅತ್ತೆಯನ್ನು ಕರೆಯುವುದು ಹಾಗೆಯೇ. ಮೊದಲಾಗಿದ್ದರೆ ಎದ್ದು ಹೋಗಿ ಅತ್ತೆಯನ್ನು ಕರೆತರುತ್ತಿದ್ದೆ. ಈಗ ಕಾದೆ.

"ನಿಮ್ಮ... ಅವ್ವ." ನಾನು ತೊಗರಿಕಾಯಿ ಸುಲಿಯುತ್ತಲೇ ಇದ್ದೆ. "ಇಲ್ಲಿಗೆ... ಕರ್ಕಂಡು... ಬಾ."

ಹಿತ್ತಲ ಕಡೆಗಿದ್ದ ಅವರ ಕಿಟಕಿಯ ನೆನಪು ನನಗೆ ಬಂದದ್ದು ಆಮೇಲೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಣ್ಣೂ ತುಂಬಿತ್ತು. "ನಂಗೆ ಯಾಕವ್ವ ಹೇಳ್ಲಿಲ್ಲ? ನಾಳೆನೇ ಫೋನ್ ಮಾಡು, ಬರಾಕೆ ಹೇಳು," ಎಂದರು.

ಆಪರೇಷನ್ ಆದಮೇಲೆ ಅವ್ವ ನಮ್ಮಲ್ಲೇ ಇದ್ದು, ಕೋಲಿಲ್ಲದೆ ಓಡಾಡುವಂತಾಗಿ ಊರಿಗೆ ಹೋದಳು. ನನ್ನ ತಾಳ್ಮೆಯನ್ನು ಈಗ ಯಾರಾದರೂ ಹೊಗಳಿದರೆ ಸಂಕೋಚವಾಗುತ್ತದೆ. ಅದನ್ನು ಅತ್ತೆ ಕಲಿಸಿದರು. ನಾನು ಕಲಿಯುವ ತನಕ ಸಹಿಸಿಕೊಂಡವರು ಮಾವ.