ಎಳೆಯ ಒಸಡಿಗೆ ಕಾವಲಾದ ಡಾ. ಕೆಮಿಗಿಸಾ

ದಂತವೈದ್ಯರೆಂದರೆ ಹಲ್ಲು ಕೀಳುವವರು ಎಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ, ಕೀಳಬಾರದ ಹಲ್ಲನ್ನು ಕಾಯುವುದೂ ಸರ್ಕಾರದ ಹೊಣೆಯೆಂದು ವಾದಿಸಿ, ಆ ವಾದವನ್ನು ರಾಷ್ಟ್ರದ ಬಾಯಿ ಆರೋಗ್ಯ ನೀತಿಯೊಳಗೆ ಸೇರಿಸಿದವರು ಡಾ. ಪರ್ಪೆಚುವಾ ಕೆಮಿಗಿಸಾ. ಅವರ ಕೈಕೆಳಗೆ ಸಹಾಯಕನಾಗಿ ಸೇರಿ ಮುಂದೆ ಜಿಲ್ಲೆಯ ದಂತಾಧಿಕಾರಿಯಾದ ನನಗೆ, ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಬರೆಯಲು ಕುಳಿತರೆ ಮೊದಲು ನೆನಪಾಗುವುದು ಅವರ ಬೈಗುಳ. ಇದನ್ನು ಅವರು ಮನ್ನಿಸಬೇಕು.

ತೋರೊ ಸೀಮೆಯ ನಮ್ಮ ಗುಡ್ಡದೂರಿನ ಆಸ್ಪತ್ರೆಗೆ ಅವರು ಬಂದ ಕಾಲದಲ್ಲಿ, ಹಾಲುಗೂಸಿಗೆ ಭೇದಿಯೋ ಜ್ವರವೋ ಬಂದರೆ ಹಳ್ಳಿಗಳಲ್ಲಿ ಮೊದಲು ನೋಡುತ್ತಿದ್ದುದು ಒಸಡನ್ನು. ಅಲ್ಲಿ ಬೆಳ್ಳಗೆ ಉಬ್ಬಿದ ಕೋರೆಹಲ್ಲಿನ ಮೊಗ್ಗೇ ‘ಎಬಿನೊ’, ಅಂದರೆ ಸುಳ್ಳುಹಲ್ಲು, ಅದೇ ರೋಗದ ಮೂಲವೆಂದು ನಂಬಿ ಸೈಕಲ್ ಕಡ್ಡಿಯಿಂದ ಅಗೆದು ತೆಗೆಯುತ್ತಿದ್ದರು. ರಕ್ತ ಹೋಗಿ, ನಂಜೇರಿ ಮಕ್ಕಳು ಸಾಯುತ್ತಿದ್ದವು. ಅಂಥದೊಂದು ಮಗು ತಮ್ಮ ಕೈಯಲ್ಲೇ ಉಸಿರು ಬಿಟ್ಟಾಗ ಡಾಕ್ಟರು ಸಂಕಟ ತಡೆಯಲಾರದೆ, ಅದರ ತಾಯಿಯನ್ನೂ ಒಸಡು ಅಗೆದವಳನ್ನೂ ವಾರ್ಡಿಗೆಲ್ಲ ಕೇಳುವಂತೆ ಬೈದರು. ಅಂದಿನಿಂದ ಒಸಡು ಅಗೆಸಿಕೊಂಡ ಮಕ್ಕಳು ಆಸ್ಪತ್ರೆಗೆ ಬರುವುದು ನಿಂತಿತು. ಅಗೆಯುವುದು ಮಾತ್ರ ನಿಂತಿರಲಿಲ್ಲ.

ಬೇರೆಯವರಾಗಿದ್ದರೆ ಜನರ ಅಜ್ಞಾನವನ್ನು ದೂರಿ ಸುಮ್ಮನಾಗುತ್ತಿದ್ದರೇನೋ. ಇವರು ನನ್ನನ್ನು ಕರೆದುಕೊಂಡು, ಆ ಕೆಲಸಕ್ಕೆ ಹೆಸರಾಗಿದ್ದ ಕಬೊನೇಸಾ ಎಂಬ ಮುದುಕಿಯ ಬಾಳೆತೋಟಕ್ಕೇ ನಡೆದರು. ರಾಗಿ ಬೀಸುತ್ತಿದ್ದ ಮುದುಕಿ ನಮ್ಮ ಸೀಮೆಯ ರೂಢಿಯಂತೆ ಡಾಕ್ಟರನ್ನು ಅಕ್ಕರೆಯ ಹೆಸರಿನಿಂದ ಕರೆದಳು. ಅಕ್ಕರೆ ಹೆಸರಿನಲ್ಲಷ್ಟೇ ಇತ್ತು.

“ಬಾ ಅಡ್ಯೇರಿ. ನೀನೂ ಹಲ್ಲು ಕೀಳ್ತೀಯ, ನಾನೂ ಕೀಳ್ತೀನಿ. ನಿಂಗೆ ಸಂಬಳ, ನಂಗೆ ಒಂದು ಕೋಳಿ. ಬೈಗುಳ ಯಾಕೆ ನನ್ನೊಬ್ಬಳಿಗೆ?”

ಡಾಕ್ಟರು ನಕ್ಕುಬಿಟ್ಟರು. “ಅಜ್ಜಿ, ಕೂಸು ತಂದ್ರೆ ಮೊದಲು ಉಪ್ಪು ಸಕ್ಕರೆ ನೀರು ಕುಡಿಸಿ ನನ್ನ ಹತ್ರ ಕಳಿಸು. ಯಾರನ್ನೂ ಬೈಯಲ್ಲ.”

“ನೀನು? ಬೈಯಲ್ಲ? ನಿನ್ನ ಬಾಯಿ ಸುದ್ದಿ ಗುಡ್ಡ ಇಳಿದು ಸಂತೆ ತನಕ ಹೋಗಿದೆ ಕಣೇ!”

ಮುದುಕಿ ಒಪ್ಪಲಿಲ್ಲ. ಡಾಕ್ಟರು ಹೋಗುವುದನ್ನು ಬಿಡಲೂ ಇಲ್ಲ.

ಅಷ್ಟರಲ್ಲಿ ಬಾಯಿ ಆರೋಗ್ಯ ನೀತಿಯ ಕರಡು ಬರೆಯುವ ಸಮಿತಿಗೆ ಅವರನ್ನು ರಾಜಧಾನಿಗೆ ಕರೆಸಿಕೊಂಡರು. ಒಸಡು ಅಗೆಯುವವರಿಗೂ ಅಗೆಸುವವರಿಗೂ ಜೈಲು ಎಂಬುದು ಕರಡಿನ ಮುಖ್ಯ ಮಾತಾಗಿತ್ತು. ಅವರು ಅಲ್ಲಿದ್ದಾಗಲೇ ಇಲ್ಲಿ ಅವರ ತಂಗಿಯ ಕೂಸಿಗೆ ಭೇದಿಯಾಯಿತು. ಡಾಕ್ಟರ ಸ್ವಂತ ತಾಯಿಯೇ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಕಬೊನೇಸಾಳ ಬಳಿಗೆ ಹೋದರು! ಒಸಡು ಅಗೆಸಿದ ಕೂಸಿನ ಮೈ ಸಂಜೆಗೆ ಕೆಂಡವಾದಾಗ ಹೆದರಿ ನಮ್ಮಲ್ಲಿಗೆ ಓಡಿಬಂದರು.

ಸುದ್ದಿ ತಿಳಿದು ಡಾಕ್ಟರು ಬಸ್ಸು ಹತ್ತಿ ಬಂದಾಗ ನಾವೆಲ್ಲ ಗುಡುಗಿಗೆ ಕಾಯುವವರಂತೆ ನಿಂತಿದ್ದೆವು. ಅವರು ತಾಯಿಯ ಕೈ ಹಿಡಿದು, “ಅಮ್ಮ, ಕೂತ್ಕೋ. ಕರ್ಕೊಂಡು ಬಂದೆಯಲ್ಲ, ಅಷ್ಟು ಸಾಕು” ಎಂದಷ್ಟೇ ಹೇಳಿ ಕೂಸಿನ ಬಳಿಗೆ ಹೋದರು. ಕೂಸು ಬಹಳ ಕಷ್ಟಪಟ್ಟು ಬದುಕಿಕೊಂಡಿತು. ಕಬೊನೇಸಾ ಒಂದು ಮಧ್ಯಾಹ್ನ ಬಂದು, ವಾರ್ಡಿನ ಬಾಗಿಲಲ್ಲಿ ನಿಂತು ಅದನ್ನು ನೋಡಿ ಹೋದಳು. ಆಮೇಲೆ ಅವಳು ಮಕ್ಕಳನ್ನು ನಮ್ಮಲ್ಲಿಗೆ ಕಳಿಸತೊಡಗಿದಳು. ಮೊದಮೊದಲು ಎಲ್ಲರನ್ನೂ ಅಲ್ಲ.

ಸಮಿತಿಯ ಮುಂದಿನ ಸಭೆಗೆ ಕಾಗದಪತ್ರ ಹೊತ್ತು ನಾನೂ ಜೊತೆಗೆ ಹೋಗಿದ್ದೆ. ಜೈಲಿನ ಮಾತನ್ನು ತೆಗೆಯಬೇಕೆಂದು ಇವರು ಪಟ್ಟು ಹಿಡಿದಾಗ ಅಧ್ಯಕ್ಷರು ಕೆರಳಿದರು.

“ಏನ್ರೀ ಡಾಕ್ಟರೇ, ಮಕ್ಕಳನ್ನ ಕೊಲ್ಲೋರ ಪರ ವಕಾಲತ್ತು ಮಾಡ್ತೀರಾ?”

“ಈ ಕಾನೂನು ಬಂದ್ರೆ ಮೊದಲು ಒಳಗೆ ಹೋಗೋದು ನಮ್ಮಮ್ಮ ಸಾರ್. ಹೋಗ್ಲಿ ಬಿಡಿ. ಆದ್ರೆ ಜೈಲಿಗೆ ಹೆದರಿ ಅವಳು ಆ ಸಂಜೆ ಕೂಸನ್ನ ಮನೇಲೇ ಮುಚ್ಚಿಟ್ಟಿದ್ರೆ? ಬೈಗುಳಕ್ಕೇ ಹೆದರಿ ಮುಚ್ಚಿಟ್ಟೋರನ್ನ ನಾನು ಕಂಡಿದ್ದೀನಿ. ಬೈದೋಳು ನಾನೇ.”

ಸಭೆಯಲ್ಲಿ ಅವರ ಮಾತು ನಡೆಯಲಿಲ್ಲ. ಸಮಿತಿಯಿಂದ ಅವರನ್ನು ಕೈಬಿಟ್ಟರು; ಬರಬೇಕಿದ್ದ ಬಡ್ತಿ ಕಿರಿಯರೊಬ್ಬರಿಗೆ ಹೋಯಿತು. ಅವಮಾನವನ್ನು ನುಂಗಿಕೊಂಡು ಊರಿಗೆ ಮರಳಿದ ಅವರು, ಲಸಿಕೆ ಹಾಕುವ ನರ್ಸುಗಳಿಗೆ ಕೂಸಿನ ಒಸಡು ಮುಟ್ಟಿ ನೋಡುವುದನ್ನೂ, ತಾಯಿಯ ಬೆರಳನ್ನೇ ಅಲ್ಲಿಡಿಸಿ “ಇದು ಹುಟ್ಟೋ ಹಲ್ಲು” ಎಂದು ತೋರಿಸುವುದನ್ನೂ ಕಲಿಸಿದರು. ಕಬೊನೇಸಾಳಂಥವರನ್ನು ಕರೆದು ಊಟ ಹಾಕಿ, ಉಪ್ಪು ಸಕ್ಕರೆ ನೀರು ಬೆರೆಸುವುದನ್ನು ಹೇಳಿಕೊಟ್ಟರು. ವರ್ಷಗಳು ಕಳೆದು, ಜಾರಿಯಾಗದೆ ಉಳಿದಿದ್ದ ಆ ಕರಡು ಮತ್ತೆ ಚರ್ಚೆಗೆ ಬಂದಾಗ, ಒಸಡು ಅಗೆದ ಕೂಸುಗಳು ನಮ್ಮ ಜಿಲ್ಲೆಯಲ್ಲಿ ಅಪರೂಪವಾಗಿದ್ದವು. ಹೊಸ ಸಮಿತಿ ಅವರನ್ನೇ ಮುಂದಾಳಾಗಿ ಕರೆಯಿತು. ಜೈಲಿನ ಮಾತು ಹೋಯಿತು. ನಮ್ಮ ಆಸ್ಪತ್ರೆಯ ರೂಢಿ ನೀತಿಯಾಗಿ ದೇಶದ ಎಲ್ಲ ಲಸಿಕಾ ಕೇಂದ್ರಗಳಿಗೂ ಹೋಯಿತು.

ಕಳೆದ ತಿಂಗಳು ಅವರೊಡನೆ ದೂರದ ಹಳ್ಳಿಯೊಂದರ ಲಸಿಕಾ ಕೇಂದ್ರಕ್ಕೆ ಹೋಗಿದ್ದೆ. ನರ್ಸು ಕೈ ತೊಳೆದು ಬರುವಷ್ಟರಲ್ಲಿ ಎಳೆಯ ತಾಯಿಯೊಬ್ಬಳು ತಾನೇ ಮಗುವಿನ ಬಾಯಿಗೆ ಬೆರಳಿಟ್ಟು, “ಬಂತು ನೋಡ್ರೇ, ಕಚ್ತಾನೆ ಕಳ್ಳ!” ಎಂದು ಪಕ್ಕದವರಿಗೆ ಹೇಳಿ ನಕ್ಕಳು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಡಾಕ್ಟರು ಯಾರೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪರಿಚಯಿಸಲು ನಾನು ಏಳಹೋದರೆ ಅಂಗಿ ಹಿಡಿದು ಕೂರಿಸಿದರು. ಇಂಥ ನಗುವನ್ನು ಊರೂರಿನಲ್ಲಿ ಕೇಳುತ್ತ ಅವರು ಬಹುಕಾಲ ಆರೋಗ್ಯದಿಂದಿರಲಿ. ನಾವು ದಾರಿ ತಪ್ಪಿದಾಗ ಬೈಯುವಷ್ಟು ಗಂಟಲು ಅವರಿಗೆ ಎಂದೆಂದೂ ಉಳಿದಿರಲಿ.