ಮದ್ದು ಮಿಕ್ಕರೆ ಮನೆಗೇ ಬರುವ ಕಾಂಪೌಂಡರಮ್ಮ

ಬೆಳಗಿನ ಆರು ಗಂಟೆಗೆ ಆಸ್ಪತ್ರೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿರುವ ಹೆಂಗಸನ್ನು ಯಾರೂ ಮಾತನಾಡಿಸುವಂತಿಲ್ಲ. ಕಿಟಕಿ ಮುಚ್ಚಿದೆ, ಫ್ಯಾನ್ ನಿಂತಿದೆ. ಒಂದು ಸೀನು ಬಂದರೂ ಪುಡಿ ಹಾರಿ ಲೆಕ್ಕ ತಪ್ಪುತ್ತದೆ. ಐದು ಗ್ರಾಂ ಬಿಳಿ ಪುಡಿ, ಕುದಿಸಿ ಆರಿಸಿದ ಐದು ಲೀಟರ್ ನೀರು, ಕೆಡದಂತೆ ಕಾಯುವ ಇನ್ನೊಂದು ಚಿಟಿಕೆ, ಕೊನೆಗೆ ನಾಲ್ಕು ಹನಿ ಹಸಿರು ಬಣ್ಣ. ಗಾಜಿನ ಕಡ್ಡಿಯಿಂದ ತಿರುವಿ, ಬೆಳಕಿಗೆ ಹಿಡಿದು ನೋಡಿ, "ಹ್ಞಾ, ಈಗ ಮಾತಾಡಿ" ಎನ್ನುತ್ತಾರೆ. ಅಲ್ಲಿಯವರೆಗೆ ತಡೆದಿಟ್ಟ ಸೀನು ಆಗ ಬರುತ್ತದೆ.

ಈ ನೀರು ಮಾರ್ಫಿನ್. ವಾಸಿಯಾಗುವ ಹಂತ ದಾಟಿ ಮನೆಗೆ ಮರಳಿದವರ ನೋವು ಇಳಿಸುವ ಮದ್ದು. ಕಲಸುವಾಕೆಗೆ ಐವತ್ತನಾಲ್ಕು ವರ್ಷ. ಊರಿಗೆಲ್ಲ ಆಕೆ ಕಾಂಪೌಂಡರಮ್ಮ. ವಾರಕ್ಕೆ ಅರವತ್ತು ಬಾಟಲಿ, ನಲವತ್ತು ಮನೆ. ಹಸಿರು ಕಡಿಮೆ ಸತ್ವದ್ದು, ಕೆಂಪು ಹೆಚ್ಚಿನದು. ಓದು ಬಾರದವರೂ ತಪ್ಪಬಾರದೆಂದು ಬಣ್ಣ. ಪುಡಿಯ ಬೀರುವಿಗೆ ಎರಡು ಬೀಗ. ಒಂದು ಕೀಲಿ ಆಕೆಯ ಸೊಂಟದಲ್ಲಿ, ಇನ್ನೊಂದು ಈ ನೋವು ಶಮನದ ವಿಭಾಗ ನಡೆಸುವ ಡಾಕ್ಟರಮ್ಮನ ಬಳಿ.

ಎಂಟು ಗಂಟೆಗೆ ಮದ್ದು ಕೊಡುವ ಕಿಟಕಿಯ ಬಳಿ ಗಾರೆ ಮೇಸ್ತ್ರಿಯ ಹೆಂಡತಿ ನಿಂತಿದ್ದಾರೆ. ಮೇಸ್ತ್ರಿಯ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿದೆ. ದೊಡ್ಡ ಆಸ್ಪತ್ರೆ ಕೈಚೆಲ್ಲಿ ಮನೆಗೆ ಕಳಿಸಿ ಎರಡು ತಿಂಗಳಾಗಿದೆ. ಆಕೆ ಸೆರಗಿನೊಳಗಿಂದ ತೆಗೆದ ವಾರದ ಬಾಟಲಿ ಒಂದು ಬೆರಳಿನಷ್ಟೂ ಇಳಿದಿಲ್ಲ. "ತುಂಬಾ ಜೋಪಾನ ಮಾಡಿದ್ದೀನಮ್ಮಾ" ಎನ್ನುವ ದನಿಯಲ್ಲಿ ಮೆಚ್ಚುಗೆಯ ನಿರೀಕ್ಷೆಯಿದೆ. "ಜೋರಾಗಿ ಬಂದಾಗ ಬೇಕಾಗುತ್ತೆ ಅಂತ ಎತ್ತಿಟ್ಟಿದ್ದೀನಿ."

ಕಾಂಪೌಂಡರಮ್ಮನ ಮುಖ ಇಳಿಯುತ್ತದೆ. ಆದರೂ ಗದರುವುದಿಲ್ಲ. "ಮನೆಗೆ ಹೋಗಿರಿ, ಮಧ್ಯಾಹ್ನದೊಳಗೆ ನಾನೇ ಬರ್ತೀನಿ" ಎಂದಷ್ಟೇ ಹೇಳುತ್ತಾರೆ. ಮೇಸ್ತ್ರಿ ಏಳು ದಿನ ಹೇಗೆ ಕಳೆದಿರಬಹುದೆಂದು ಆ ಬಾಟಲಿ ನೋಡಿದರೇ ಆಕೆಗೆ ಗೊತ್ತಾಗುತ್ತದೆ.

ಮೊದಲೆಲ್ಲ ಗೊತ್ತಾಗುತ್ತಿರಲಿಲ್ಲ. "ಮದ್ದು ಮಿಕ್ಕಿದೆ ಅಂದ್ರೆ ನೋವು ಕಮ್ಮಿಯಾಗಿದೆ ಅಂದ್ಕೊಂಡು ಖುಷಿ ಪಡ್ತಿದ್ದೆ. ಎಂಥಾ ದಡ್ಡಿ ನಾನು!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಒಮ್ಮೆ ಹೀಗೆ ತುಂಬಿದ ಬಾಟಲಿ ವಾಪಸು ತಂದವರೊಬ್ಬರ ಮನೆಗೆ ಡಾಕ್ಟರಮ್ಮನ ಜೊತೆ ಹೋದಾಗ, ಅಲ್ಲಿನ ಅಜ್ಜಿ ನೋವು ತಾಳದೆ ಮಂಚದ ಪಟ್ಟಿಯನ್ನು ಉಗುರಿನಿಂದ ಕೆರೆದು ಗುಳಿ ಮಾಡಿದ್ದರು. ಮದ್ದು ಕಪಾಟಿನಲ್ಲಿ ಭದ್ರವಾಗಿತ್ತು. ಅಂದಿನಿಂದ ಅರ್ಧಕ್ಕಿಂತ ಹೆಚ್ಚು ಮಿಕ್ಕ ಬಾಟಲಿ ಬಂದರೆ ಆ ದಿನವೇ ಬಸ್ಸು ಹತ್ತುತ್ತಾರೆ. ಹಾಗೆ ಹೋಗೆಂದು ಯಾವ ಆದೇಶವೂ ಇಲ್ಲ.

ಹನ್ನೊಂದು ವರ್ಷದ ಹಿಂದೆ ಈ ಆಸ್ಪತ್ರೆಯಲ್ಲಿ ಒಂದು ಹನಿ ಮಾರ್ಫಿನ್ ಇರಲಿಲ್ಲ. ಅಮಲಿನ ವಸ್ತು ಎಂಬ ಹೆದರಿಕೆ. ಡಾಕ್ಟರಮ್ಮ ಮೂರು ವರ್ಷ ಪತ್ರ ಬರೆದು ಬರೆದು ಅನುಮತಿ ತಂದರು, ಕಲಸುವವರಿರಲಿಲ್ಲ. "ಒಂದು ಗ್ರಾಂ ಆಚೀಚೆ ಆದ್ರೆ ಕೆಲಸ ಹೋಗುತ್ತೆ ಅಂತ ಎಲ್ರೂ ಜಾರ್ಕೊಂಡ್ರು. ನಂಗೆ ಜಾರ್ಕೊಳ್ಳೋಕೆ ಬರ್ಲಿಲ್ಲ" ಎಂದು ನಗುತ್ತಾರೆ. ನೆಂಟರು ಮೂಗು ಮುರಿದರು. ಮಗಳಿಗೆ ಗಂಡು ನೋಡುವಾಗ ಬಂದವರು, "ಹುಡುಗಿ ತಾಯಿ ಅಫೀಮು ಕಲಸ್ತಾರಂತೆ, ಹೌದಾ?" ಎಂದು ಕೇಳಿಯೇಬಿಟ್ಟರು. ಬಸ್ ಡ್ರೈವರ್ ಆಗಿದ್ದ ಗಂಡ ತಣ್ಣಗೆ, "ಹೌದು, ದಿನಾ ಬೆಳಿಗ್ಗೆ ಕಲಸ್ತಾಳೆ. ನಿಮಗೆ ಬರೀ ಟೀ ಇದೆ, ಕುಡೀರಿ" ಎಂದರಂತೆ. ಆ ಸಂಬಂಧ ಕುದುರಲಿಲ್ಲ. ಅದಕ್ಕಿಂತ ಒಳ್ಳೆಯದೇ ಆಮೇಲೆ ಕುದುರಿತು.

ಮಧ್ಯಾಹ್ನ ಮೇಸ್ತ್ರಿಯ ಮನೆ. ಒಂದೇ ಕೋಣೆ, ಗೋಡೆಗೆ ಮುಖ ಮಾಡಿ ಮಲಗಿದ ಮನುಷ್ಯ, ಬಾಯಲ್ಲಿ ಕಚ್ಚಿ ಹಿಡಿದ ಟವೆಲ್ಲು. ಹೆಂಡತಿ ಮದ್ದು ಕೊಡುವುದು ಅವರು ನರಳಿದಾಗ ಮಾತ್ರ. ಅವರೋ ಜಪ್ಪಯ್ಯ ಅಂದರೂ ನರಳುವವರಲ್ಲ.

"ತಡ್ಕೊತೀನಮ್ಮಾ. ಈಗ್ಲೇ ಖರ್ಚು ಮಾಡಿದ್ರೆ ಕೊನೆಗೆ ಕೆಲಸ ಮಾಡ್ದೇ ಹೋದ್ರೆ?" ಟವೆಲ್ಲು ಬಿಟ್ಟು ಮೇಸ್ತ್ರಿ ಕೇಳುತ್ತಾರೆ.

ಕಾಂಪೌಂಡರಮ್ಮ ನೆಲದ ಮೇಲೆ ಕೂರುತ್ತಾರೆ. "ಮೇಸ್ತ್ರಿಗಳೇ, ಹೊಸ ಗೋಡೆಗೆ ನೀರು ಯಾವಾಗ ಹೊಡೀತೀರಿ? ಬಿರುಕು ಬಿಟ್ಟ ಮೇಲಾ?"

"ಬಿರುಕು ಬಿಟ್ಟ ಮೇಲೆ ಕೊಳದ ನೀರೆಲ್ಲ ಹೊಡೆದ್ರೂ ದಂಡ" ಎಂದು ಆ ನೋವಿನಲ್ಲೂ ಮೇಸ್ತ್ರಿ ಕಿಡಿಕಾರುತ್ತಾರೆ. "ಒಣಗೋಕೆ ಬಿಡ್ಲೇಬಾರ್ದು. ಹೊತ್ತುಹೊತ್ತಿಗೆ..." ಎನ್ನುತ್ತಿದ್ದವರ ಕಣ್ಣು ಬಾಟಲಿಯತ್ತ ತಿರುಗುತ್ತದೆ.

"ಇದೂ ಅಷ್ಟೇ" ಎನ್ನುತ್ತಾರೆ ಆಕೆ. "ನೋವು ಬರೋ ಮುಂಚೆ ಹೋಗ್ಬೇಕು. ಕೊನೆಗೆ ಸಾಲದೇ ಬಂದ್ರೆ ಹಸಿರು ಬಿಟ್ಟು ಕೆಂಪು ತರ್ತೀನಿ. ಕಲಸೋಳು ನಾನೇ ಇದ್ದೀನಲ್ಲ."

ಆ ಮನೆಯಲ್ಲಿ ಗಡಿಯಾರವಿಲ್ಲ. ಕಾಂಪೌಂಡರಮ್ಮನಿಗೆ ಅದು ಬೇಕೂ ಇಲ್ಲ. ಈ ಮನೆಗೆ ಏನೇನು ಕೇಳಿಸುತ್ತದೆ ಎಂದು ವಿಚಾರಿಸುತ್ತಾರೆ. ಹಾಲಿನ ಗಾಡಿಯ ಹಾರ್ನಿಗೆ ಒಂದು ಚಮಚ. ಶಾಲೆಯ ಮೊದಲ ಗಂಟೆಗೆ ಒಂದು. ಊಟಕ್ಕೆ ನಿಂತ ಹಿಟ್ಟಿನ ಗಿರಣಿ ಮತ್ತೆ ಶುರುವಾದಾಗ ಒಂದು. ಸಂಜೆ ಕಾರ್ಖಾನೆಯ ಸೈರನ್ನಿಗೆ ಒಂದು. ಪಕ್ಕದ ಮನೆಯ ಟಿ.ವಿ. ಧಾರಾವಾಹಿ ಮುಗಿದಾಗ ಎರಡು, ಬೆಳಗಿನವರೆಗೆ ನಿದ್ದೆ. ನಲವತ್ತು ಮನೆಗೂ ಇಂಥ ನಲವತ್ತು ಪಟ್ಟಿ ಆಕೆಯ ಬಾಯಲ್ಲಿದೆ.

"ಭಾನುವಾರ ಶಾಲೆ ಇರಲ್ವಲ್ಲ?" ಎಂದು ಹೆಂಡತಿಗೆ ಚಿಂತೆ.

"ಭಾನುವಾರ ನಾನಿದ್ದೀನಿ ಬಿಡೇ" ಎನ್ನುತ್ತಾರೆ ಮೇಸ್ತ್ರಿ. "ಗೋಡೆ ನೆರಳು ನೋಡಿ ಹೊತ್ತು ಹೇಳೋನು ನಾನು." ಮೊದಲ ಚಮಚ ಕಾಂಪೌಂಡರಮ್ಮನೇ ಕುಡಿಸುತ್ತಾರೆ. ಕಹಿಗೆ ಮುಖ ಕಿವುಚಿದ ಮೇಸ್ತ್ರಿಗೆ, ಜೊತೆಗೆ ಕೊಟ್ಟ ಭೇದಿ ಮಾತ್ರೆ ತಪ್ಪಿಸಬೇಡಿ, ಇಲ್ಲದಿದ್ದರೆ ಹೊಟ್ಟೆ ಕಟ್ಟಿ ನನ್ನನ್ನೇ ಬೈಯುತ್ತೀರಿ ಎಂದು ತಾಕೀತು ಮಾಡಿ ಏಳುತ್ತಾರೆ.

ನೆರೆಯ ಮೂರು ಆಸ್ಪತ್ರೆಗಳ ಕಾಂಪೌಂಡರುಗಳು ಈಗ ಆಕೆಯ ಬಳಿ ಬಂದು ಕಲಿತು ಹೋಗಿದ್ದಾರೆ. ಮೂರು ಕಡೆಯೂ ಮದ್ದಿನ ಕೋಣೆ ತೆರೆದಿದೆ. ತಕ್ಕಡಿ ಮುಟ್ಟಿಸುವ ಮೊದಲು ಅವರನ್ನೂ ಹೀಗೆ ಮನೆ ಮನೆ ಸುತ್ತಿಸಿದವರು ಈಕೆ. ಆಸ್ಪತ್ರೆಯ ಗೋಡೆಯ ಮೇಲಿನ ಯಾವ ಫೋಟೋದಲ್ಲೂ ಈಕೆಯಿಲ್ಲ, ಇರಬೇಕಿತ್ತು.

ನಾಲ್ಕು ದಿನ ಬಿಟ್ಟು ಮತ್ತೆ ಅದೇ ಓಣಿಗೆ ಹೋದಾಗ ತಿರುವಿನಲ್ಲೇ ಒಂದು ಗಂಟಲು ಕೇಳಿಸುತ್ತದೆ. ಬಾಗಿಲಲ್ಲಿ ದಿಂಬಿಗೊರಗಿ ಕೂತ ಮೇಸ್ತ್ರಿ, ಎದುರು ಮನೆಗೆ ಕಾಂಪೌಂಡ್ ಕಟ್ಟುತ್ತಿರುವ ಕೆಲಸಗಾರರಿಗೆ ಬೈಗುಳದ ಮಳೆ ಸುರಿಸುತ್ತಿದ್ದಾರೆ. "ಅದೇನೋ ಅದು, ಗೋಡೆನಾ? ತೂಕದ ಗುಂಡು ಬಿಟ್ಟು ನೋಡೋ, ಎಷ್ಟು ವಾಲಿದೆ ಅಂತ! ಬಿಚ್ಚೋ ಮೇಲಿನ ಮೂರು ವರಸೆ ಇಟ್ಟಿಗೆ!" ಕೆಲಸಗಾರರು ಗೊಣಗುತ್ತಾ ಬಿಚ್ಚುತ್ತಿದ್ದಾರೆ. "ನಿನ್ನೆಯಿಂದ ಇದೇ ಗಲಾಟೆ, ಓಣಿಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ" ಎಂದು ದೂರುವ ಹೆಂಡತಿಯ ಕಣ್ಣು ಒದ್ದೆಯಾಗಿದೆ.

ಕಾಂಪೌಂಡರಮ್ಮ ಒಳಗೆ ಹೋಗುವುದಿಲ್ಲ. ಓಣಿಯಲ್ಲೇ ನಿಂತು, ಮೂರನೇ ವರಸೆ ಬಿಚ್ಚುವವರೆಗೂ ನೋಡುತ್ತಾರೆ.

"ಎಷ್ಟು ದಿನ ಇರ್ತಾರೋ ನಂಗೊತ್ತಿಲ್ಲ" ಎನ್ನುತ್ತಾರೆ ಹಿಂತಿರುಗುವಾಗ. "ಇರೋಷ್ಟು ದಿನ ಮೇಸ್ತ್ರಿಯಾಗೇ ಇರ್ತಾರೆ. ಅಷ್ಟು ನನ್ನ ಕೈಲಾಗುತ್ತೆ."