ಸಂಗಪ್ಪ ಮಾಮಾನ ಕಣ್ಣು ಮುಚ್ಚಿದ ದೇವಿ

ಬಿಸಿಲಿಗೆ ಕಾದ ರಸ್ತೆಯ ಮೇಲೆ ಒಂದು ಕೊಡ ನೀರು ಸುರಿದರೆ ಒಂದು ವಾಸನೆ ಏಳುತ್ತದೆ. ಅದರೊಳಗೆ ಸೀಮೆಸುಣ್ಣ, ಇಟ್ಟಂಗಿ ಪುಡಿ, ಅರಿಶಿನ, ಬಟ್ಟೆಗೆ ಹಾಕುವ ನೀಲಿ ಎಲ್ಲ ಬೆರೆತಿದ್ದರೆ ಅದು ನನ್ನ ಸಂಗಪ್ಪ ಮಾಮಾನ ವಾಸನೆ. ಮೊನ್ನೆ ಮಡಗಾಂವದಲ್ಲಿ ಅಂಗಡಿಯವನೊಬ್ಬ ಬಾಗಿಲ ಮುಂದಿನ ಹಳೆಯ ರಂಗೋಲಿ ತೊಳೆಯುತ್ತಿದ್ದ. ನಾನು ಮೂಗು ಅರಳಿಸಿಕೊಂಡು ಅಲ್ಲೇ ನಿಂತುಬಿಟ್ಟೆ. ಅವನು ಎರಡನೇ ಬಕೆಟ್ ಎತ್ತಿದ್ದು ನನಗೆ ಕಾಣಲೇ ಇಲ್ಲ. ಆಫೀಸು ಮುಟ್ಟಿದಾಗ ಮೊಣಕಾಲಿನವರೆಗೂ ಕೆಂಪು, ನೀಲಿ. ಬೇರೆಯವರಿಗೆ ನೆನಪು ಬಂದರೆ ಕಣ್ಣು ಒದ್ದೆಯಾಗುತ್ತದಂತೆ, ನನಗೆ ಸಲವಾರ್. ನಿಮಗೂ ಇಂಥ ಒಂದು ವಾಸನೆ ಇದ್ದರೆ ಗೊತ್ತಿರುತ್ತದೆ, ಅದು ಕೈಹಿಡಿದು ಕರೆದುಕೊಂಡು ಹೋಗುವ ಮನೆ ಈಗ ಅಲ್ಲಿರುವುದಿಲ್ಲ.

ನಮ್ಮದು ವೆರ್ಣಾದ ಕಾರ್ಖಾನೆಗಳ ಹಿಂದೆ ತಗಡಿನ ಮಾಡಿನ ಒಂದು ಸಾಲು ಖೋಲಿ. ಒಂದರಲ್ಲಿ ನಾವು, ಪಕ್ಕದ್ದರಲ್ಲಿ ಅವ್ವನ ತಮ್ಮ ಸಂಗಪ್ಪ ಮಾಮಾ, ಅವನ ಹೆಂಡತಿ ಶಾಂತವ್ವ ಅತ್ತಿ. ನಡುವಿನ ಗೋಡೆ ಎಷ್ಟು ತೆಳುವಾಗಿತ್ತೆಂದರೆ ಆಚೆ ರೊಟ್ಟಿ ಬಡಿದರೆ ಈಚೆ ನಮ್ಮ ಕ್ಯಾಲೆಂಡರ್ ಕುಣಿಯುತ್ತಿತ್ತು. ಅತ್ತಿಗೆ ಗುಳಿಗೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಖಾಯಂ ರಾತ್ರಿಪಾಳಿ. ಬೆಳಿಗ್ಗೆ ಕಂಪನಿ ಬಸ್ಸು ಇಳಿದು ಬಂದು, ಒಂದು ರೊಟ್ಟಿ ಮುರಿದು ತಿಂದು, ಚಾಪೆಯ ಮೇಲೆ ಬಿದ್ದರೆ ಮುಗಿಯಿತು. ಮಾಮಾ ಒಂಬತ್ತಕ್ಕೆ ಬಣ್ಣದ ಚೀಲ ಹೊತ್ತು ಮಡಗಾಂವಕ್ಕೆ ಹೊರಡುತ್ತಿದ್ದ. ಸಂಜೆ ಅವನು ತಿರುಗಿ ಬರುವಷ್ಟರಲ್ಲಿ ಅವಳು ಬಸ್ಸು ಹತ್ತಿರುತ್ತಿದ್ದಳು. ಒಂದೇ ಚಾಪೆಯ ಮೇಲೆ ಗಂಡ ಹೆಂಡತಿ ಪಾಳಿಯಲ್ಲಿ ಮಲಗುತ್ತಿದ್ದರು.

ಮಾರ್ಕೆಟ್ಟಿನ ಎದುರಿನ ಫುಟ್‌ಪಾತಿನ ಮೇಲೆ ಮಾಮಾ ದಿನಕ್ಕೊಂದು ದೇವಿಯನ್ನು ಬರೆಯುತ್ತಿದ್ದ. ಮಂಗಳವಾರ ಎಲ್ಲಮ್ಮ, ಶುಕ್ರವಾರ ಲಕ್ಷ್ಮಿ, ನಡುವೆ ಯಾರು ನೆನಪಾದರೆ ಅವರು. ಸಂಜೆ ಮನೆಗೆ ಹೊರಡುವ ಮೊದಲು ಕೊಡದ ನೀರು ಸುರಿದು ತನ್ನ ಕೈಯಿಂದಲೇ ಅಳಿಸಬೇಕು. ದೇವರ ಮೇಲೆ ಯಾರ ಕಾಲೂ ಬೀಳಬಾರದು. ಅದು ಅವನ ಕಟ್ಟಳೆ. ರಜೆಯಿದ್ದಾಗ ನಾನೂ ಜೊತೆಗೆ ಹೋಗಿ, ಬಣ್ಣದ ಡಬ್ಬಿಗಳನ್ನು ಒದ್ದು ಕೆಡವಿ, ಎಲ್ಲಮ್ಮನ ಮೂಗಿನ ಮೇಲೆ ಐಸ್‌ಕ್ಯಾಂಡಿ ಸೋರಿಸಿ, ಕೈಲಾದ ಸೇವೆ ಮಾಡುತ್ತಿದ್ದೆ. ಆದರೆ ಒಂದು ಸಂಗತಿ ನನ್ನ ತಲೆ ಕೊರೆಯುತ್ತಿತ್ತು. ದೇವಿ ಯಾರೇ ಆಗಲಿ, ಮುಖ ಒಂದೇ. ಮತ್ತು ಕಣ್ಣು ಮುಚ್ಚಿರುತ್ತಿತ್ತು. ಬಾಜೂ ಕೂತು ಎಳನೀರು ಮಾರುವ ಕಲ್ಲವ್ವಾಯಿ ದಿನಾ ಚೇಷ್ಟೆ ಮಾಡುತ್ತಿದ್ದಳು: “ಏ ಸಂಗಪ್ಪಾ, ನಿನ್ನ ದೇವಿ ನಿದ್ದಿ ಹೊಡ್ಯಾಕತ್ತಾಳಲ್ಲೋ! ನಮ್ಮ ಗೋಳು ಯಾರ ಕೇಳವ್ರು?”

ಮಾಮಾ ತಲೆ ಎತ್ತುತ್ತಿರಲಿಲ್ಲ. “ದುಡದ ಬಂದಾಳ ಆಯೀ, ಮಲಗ್ಲಿ ಬಿಡ. ಎದ್ದ ಮ್ಯಾಲ ಕೇಳ್ತಾಳ.”

ಆ ಮುಖ ಯಾರದು? ಒಂಬತ್ತು ವರ್ಷದ ನಾನು ಪತ್ತೇದಾರಿಕೆಗೆ ಇಳಿದೆ. ಮಾರ್ಕೆಟ್ಟಿನ ಹೆಂಗಸರ ಮುಖದ ಹತ್ತಿರ ಮುಖ ಒಯ್ದು, “ಒಂದ್ಸಲ ಕಣ್ಣು ಮುಚ್ಚರಿ” ಎಂದು ಕೇಳುತ್ತ ಹೋದೆ. ಹೂವಿನವಳು ಮುಚ್ಚಿದಳು, ಅವಳಲ್ಲ. ಮೀನು ಮಾರುವವಳು ಮುಚ್ಚಲಿಲ್ಲ, ಬದಲಿಗೆ ಬಾಲ ಹಿಡಿದು ಒಂದು ಬಂಗಡೆ ಬೀಸಿದಳು. ಎರಡು ದಿನ ಕೆನ್ನೆ ನಾರುತ್ತಿತ್ತು. ಕೇಸು ಬಗೆಹರಿಯದೆ ನೇರ ಅತ್ತಿಗೆ ವರದಿ ಒಪ್ಪಿಸಿದೆ: “ಅತ್ತೀ, ಮಾಮಾ ದಿನಾ ಒಬ್ಬಾಕಿನ್ನ ಬರೀತಾನ. ಯಾರಂತ ಗೊತ್ತಿಲ್ಲ. ಭಾಳ ಚಂದ ಅದಾಳ.”

ಹಿಟ್ಟು ನಾದುತ್ತಿದ್ದ ಅತ್ತಿಯ ಕೈ ನಿಂತಿತು. ಗಂಡ ರಸ್ತೆಯಲ್ಲಿ ಕೂರುವುದನ್ನು ನೋಡಲು ನಾಚಿಕೆಯೆಂದು ಅವಳು ಒಮ್ಮೆಯೂ ಆ ಕಡೆ ಹೋದವಳಲ್ಲ. ಈಗ ಮೆಲ್ಲಗೆ ಹೇಳಿದಳು: “ನಾಳಿ ನನಗ ಸೂಟಿ, ಪಾಳಿ ಇಲ್ಲ. ನಾಕಕ್ಕ ಬರ್ತೇನಿ. ಅವರಿಗೆ ಹೇಳಬ್ಯಾಡ, ನಾ ಬರೂತನಕ ಅಳಸಾಕ ಬಿಡಬ್ಯಾಡ. ಇಷ್ಟ ಮಾಡ್ತಿ?”

ಮಾಡ್ತೇನಿ ಎಂದು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಮರುದಿನ ಲಕ್ಷ್ಮಿ. ಮೂರೂವರೆಗೆ ಮಾಮಾ ಚಹಾಕ್ಕೆಂದು ಎದ್ದು, “ಗಂಗೀ, ದೇವಿ ಮ್ಯಾಲ ಯಾರ ಕಾಲೂ ಬೀಳಬಾರ್ದು ನೋಡ” ಎಂದು ಹೇಳಿ ಹೋದ. ಅವನು ತಿರುವಿನಲ್ಲಿ ಮರೆಯಾಗುವುದಕ್ಕೂ ಒಂದು ಗೂಳಿ ಬರುವುದಕ್ಕೂ ಸರಿಹೋಯಿತು. ನನ್ನ ಲೆಕ್ಕದಲ್ಲಿ ಅದು ಆನೆಯಷ್ಟಿತ್ತು. ಲಕ್ಷ್ಮಿಯ ಪಾದದಾಚೆ ಬಿದ್ದಿದ್ದ ಕೋಸಿನ ಎಲೆಯ ಮೇಲೆ ಅದರ ಕಣ್ಣು. ಹುಶ್ ಎಂದೆ, ಚಪ್ಪಲಿ ಎಸೆದೆ (ಅದು ಕಲ್ಲವ್ವಾಯಿಗೆ ತಾಗಿತು), ಗೂಳಿ ನಿಲ್ಲಲಿಲ್ಲ. ಕೈಗೆ ಸಿಕ್ಕಿದ್ದು ಕೊಡ. ಇಡೀ ಕೊಡ ಸುರಿದೆ, ಲಂಗದಿಂದ ಗಸಗಸ ಉಜ್ಜಿದೆ, ಗೂಳಿಯ ಕಾಲಿನಿಂದ ಲಕ್ಷ್ಮಿಯನ್ನು ಉಳಿಸಿದೆ. ಗೂಳಿ ಕತ್ತು ಚಾಚಿ ಎಲೆ ಕಚ್ಚಿಕೊಂಡು, ಒಂದು ಹೆಜ್ಜೆಯನ್ನೂ ಮುಂದಿಡದೆ ತಿರುಗಿ ಹೋಯಿತು.

ಆಗ ಅತ್ತಿ ಬಂದಳು. ಪೆಟ್ಟಿಗೆಯಲ್ಲಿದ್ದ ಹಳದಿ ಇಳಕಲ್ ಸೀರೆ ಉಟ್ಟಿದ್ದಳು, ಅಬ್ಬಲಿಗೆ ಮುಡಿದಿದ್ದಳು. ಒದ್ದೆ ನೆಲ ನೋಡಿದಳು, ನೀಲಿ ಬಣ್ಣದ ನನ್ನನ್ನು ನೋಡಿದಳು. “ಎಲ್ಲೈತಿ?” ನಾನು ಗಟಾರದ ಕಡೆ ಬೆರಳು ಮಾಡಿದೆ. ಕೆಂಪು ಹಳದಿ ನೀರು ಇನ್ನೂ ಹರಿದು ಹೋಗುತ್ತಿತ್ತು. ಅವಳು ಬಗ್ಗಿ ಅದನ್ನೇ ನೋಡುತ್ತ ನಿಂತಳು. ಚಹಾ ಕುಡಿದು ಬಂದ ಮಾಮಾ ದೂರದಲ್ಲೇ ನಿಂತುಬಿಟ್ಟ.

“ನೀ ಬಂದೇನ?”

“ಬಂದಿದ್ದೆ.”

“ನಾಳಿ ಮತ್ತ ಬರೀತೇನಿ, ಬಾ.”

“ನಾಳಿ ನನಗ ಪಾಳಿ ಐತ್ರಿ.”

ಆ ವಾರವೇ ಫುಟ್‌ಪಾತ್ ಅಗೆದರು, ಹಿಂದೆಯೇ ಮಳೆಗಾಲ. ಮಳೆ ಮುಗಿಯುವಷ್ಟರಲ್ಲಿ, ಮೊದಲೆಲ್ಲೋ ಅವನ ಚಿತ್ರ ನೋಡಿದ್ದ ಪಣಜಿಯ ಗ್ಯಾಲರಿಯ ಹೆಂಗಸೊಬ್ಬಳು ಹುಡುಕಿಕೊಂಡು ಬಂದು ಕೈಗೆ ಕ್ಯಾನ್‌ವಾಸ್ ಕೊಟ್ಟಳು. ಮುಂದಿನದೆಲ್ಲ ಪೇಪರಿನಲ್ಲಿ ಬಂದಿದೆ. ಮಾಮಾ ದೊಡ್ಡವನಾದ. ಒದ್ದೆ ರಸ್ತೆ, ಕಲಸಿದ ಬಣ್ಣ, ನಡೆದು ಹೋಗುವ ಕಾಲುಗಳು, ಇವನ್ನೇ ಬರೆದ. ಒಬ್ಬ ಪಂಡಿತರು ಅದನ್ನು ‘ಇಲ್ಲದಿರುವಿಕೆಯ ವ್ಯಾಕರಣ’ ಎಂದರು. ನಾನು ಆ ಲೇಖನವನ್ನು ಮೂರು ಸಲ ಓದಿ, ಕೊನೆಗೆ ಅತ್ತಿಯ ಕಂಪನಿಯ ತಲೆನೋವಿನ ಗುಳಿಗೆ ನುಂಗಿದೆ. ಮುಖವನ್ನು ಮಾತ್ರ ಅವನು ಮತ್ತೆ ಬರೆಯಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಅಳಸಾಕ ಬರ್ಲಾರದ ಕಡೆ ದೇವರನ್ನ ಹೆಂಗ ಬರೀಲೆವಾ?” ಎಂದ. ಅತ್ತಿ ಕೇಳಲೇ ಇಲ್ಲ. ಆ ಚಿತ್ರದಾಕೆ ಯಾರು ಎಂಬ ಮುಳ್ಳನ್ನು ನಾನೇ ಚುಚ್ಚಿದ್ದೆ, ಅದು ಅವಳೊಳಗೇ ಉಳಿಯಿತು. ಹೋದ ವರ್ಷ ಮಾಮಾ ತೀರಿಕೊಂಡ. ಖೋಲಿಗಳಿದ್ದ ಜಾಗದಲ್ಲಿ ಈಗ ಕಾರ್ಖಾನೆಯ ಕಂಪೌಂಡ್ ಗೋಡೆಯಿದೆ. ಅದು ದಪ್ಪ ಗೋಡೆ, ಆಚೆಯದೇನೂ ಕೇಳಿಸುವುದಿಲ್ಲ.

ಕಳೆದ ತಿಂಗಳು ಪಣಜಿಯಲ್ಲಿ ಅವನ ಚಿತ್ರಗಳನ್ನೆಲ್ಲ ಒಟ್ಟಿಗೆ ಇಟ್ಟಿದ್ದರು. ಅತ್ತಿ ಒಂದೊಂದರ ಮುಂದೆಯೂ ನಿಂತು ಆ ಮುಖವನ್ನು ಹುಡುಕಿದಳು. ಕೊನೆಗೆ ನನ್ನ ಕೈಹಿಡಿದು ಬೆಂಚಿನ ಮೇಲೆ ಕೂಡಿಸಿದಳು. “ಗಂಗೀ, ನೋಡಿದಾಕಿ ಈಗ ನೀ ಒಬ್ಬಾಕಿನ. ನಿನ್ನ ಮಸಾಲಿ ಹಾಕಬ್ಯಾಡ. ಆಕಿ ಹೆಂಗಿದ್ಲು?”

ಒಂದಕ್ಕೆ ಮೂರು ಸೇರಿಸಿ ಹೇಳುವವಳು ನಾನು. ಅಂದು ಇದ್ದದ್ದನ್ನಷ್ಟೇ ಹೇಳಿದೆ. ಎಡಕ್ಕೆ ಜಾರಿದ ತುರುಬು. ಕೆನ್ನೆಯ ಕೆಳಗೆ ಅಂಗೈ. ಸ್ವಲ್ಪವೇ ತೆರೆದ ಬಾಯಿ. ಕೆನ್ನೆಯ ಮೇಲೆ ಅಡ್ಡ ಗೆರೆಗಳಿದ್ದವು, ಅದು ಯಾವುದೋ ಆಭರಣವೆಂದುಕೊಂಡಿದ್ದೆ. ಅದು ಚಾಪೆಯ ಅಚ್ಚು ಎಂಬುದು ಹೇಳುತ್ತ ಹೇಳುತ್ತ ಹೊಳೆಯಿತು. ಇಡೀ ಮಾರ್ಕೆಟ್ಟಿನ ಹೆಂಗಸರ ಕಣ್ಣು ಮುಚ್ಚಿಸಿದ ಶೂರೆ, ಪಕ್ಕದ ಖೋಲಿಯ ಚಾಪೆಯ ಕಡೆ ಒಮ್ಮೆಯೂ ನೋಡಿರಲಿಲ್ಲ.

ಅತ್ತಿ ತನ್ನ ಕೆನ್ನೆಯನ್ನು ಬೆರಳಿನಿಂದ ಸವರಿಕೊಂಡಳು. ಆಮೇಲೆ ತನಗೇ ಎಂಬಂತೆ ಹೇಳಿದಳು: “ಖರೇ ಅಂದ್ರ, ಎಷ್ಟೋ ದಿನ ನನಗ ನಿದ್ದೀನ ಹತ್ತಿರತಿದ್ದಿಲ್ಲ. ಅವರು ಬಾಜೂಕ ಬಂದು ಕುಂತದ್ದು ಗೊತ್ತಾಗ್ತಿತ್ತು. ಕಣ್ಣು ತೆರದ್ರ ಎದ್ದು ಹೊಂಟ ಬಿಡ್ತಾರಂತ, ಹಂಗ ಮುಚಗೊಂಡ ಇರ್ತಿದ್ದೆ.”

ಹಾಗೆನ್ನುತ್ತ ಅಲ್ಲೇ ಬೆಂಚಿಗೆ ಒರಗಿ ಕಣ್ಣು ಮುಚ್ಚಿದಳು. ಜನ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಅವಳ ಮುಖ ನೋಡುತ್ತ ಪಕ್ಕದಲ್ಲೇ ಕೂತಿದ್ದೆ. ಏಳಲಿಲ್ಲ.